ಮಾವನ ಜಗಲಿಯ ಸಂದರ್ಶನಗಳು

ಭಾನುವಾರ ಬೆಳಗಿನ ತಿಂಡಿ ಮುಗಿದ ಮೇಲೆ ಶಿರಸಿಯ ದೇವಿಕೆರೆ ಹತ್ತಿರದ ಆ ಬಾಡಿಗೆ ಮನೆಯ ಜಗಲಿಯಲ್ಲಿ ನಾವು ನಾಲ್ಕು ಜನ ಸೇರುತ್ತಿದ್ದೆವು. ಬೆತ್ತದ ಕುರ್ಚಿಯಲ್ಲಿ ಮಾವ, ಅಂದರೆ ನನ್ನ ಅಮ್ಮನ ಅಣ್ಣ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಎದುರಿನ ಸ್ಟೂಲಿನ ಮೇಲೆ ಆ ಹೊತ್ತಿಗೆ ಯಾರ ಸರದಿಯೋ ಅವರು: ಒಂದೋ ನಾನು, ಇಲ್ಲವೇ ನನ್ನ ಜೊತೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ದಾಸನಕೊಪ್ಪದ ಗೆಳತಿ. ಸರದಿ ಇಲ್ಲದವಳು ಮೆಟ್ಟಿಲ ಮೇಲೆ. ಬಾಗಿಲ ಪಕ್ಕ ಅತ್ತೆ, ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ. ನಾವು ಸೇರಬೇಕೆಂದಿದ್ದ ಸಾಫ್ಟ್‌ವೇರ್ ಕಂಪನಿಗಳೆಲ್ಲ ನಮ್ಮ ಪಾಲಿಗೆ ಆಗ ಇಷ್ಟೇ ಇದ್ದವು. ಒಂದು ಜಗಲಿ, ಒಂದು ಸ್ಟೂಲು, ಒಬ್ಬರು ಮಾವ.

ಮಾವನಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಪ್ರಶ್ನೆಗಳನ್ನು ನಾವೇ ಚೀಟಿಯ ಮೇಲೆ ಬರೆದು ಕೊಡುತ್ತಿದ್ದೆವು. ಅವರು ಕನ್ನಡಕ ಸರಿಮಾಡಿಕೊಂಡು, ನ್ಯಾಯಾಧೀಶರ ಹಾಗೆ ಓದುತ್ತಿದ್ದರು. ಉತ್ತರ ಸರಿಯೋ ತಪ್ಪೋ ಎಂಬುದು ಅವರ ಲೆಕ್ಕಕ್ಕೆ ಇರಲಿಲ್ಲ. ಉತ್ತರ ಹೇಗೆ ಬಂತು ಎಂಬುದೊಂದೇ ಲೆಕ್ಕ.

"ನಿಮ್ಮ ಬಗ್ಗೆ ಹೇಳಿ" ಎಂದು ಶುರುಮಾಡಿದರು ಒಂದು ಭಾನುವಾರ, ಗೆಳತಿಗೆ.

"ನಾನು ದಾಸನಕೊಪ್ಪದಾಕಿರಿ ಸರ. ಬಿ.ಇ. ಮುಗಿಸೇನಿ."

"ಮುಂದೆ?"

"ಅಷ್ಟರಿ."

ಮಾವ ಹಣೆಗೆ ಕೈ ಹಚ್ಚಿದರು. "ಅಷ್ಟೇ ಅಂದ್ರೆ ಹೇಗಮ್ಮ? ರಂಗಸ್ಥಳಕ್ಕೆ ಬಂದವ ಕೂತು, ಎದ್ದು, ಗಂಟು ಕಟ್ಟಿಕೊಂಡು ಹೊರಟ ಹಾಗಾಯ್ತು. ಪೀಠಿಕೆ ಎಲ್ಲಿ?"

"ನಾ ಪೀಠಿಕಿ ಹಾಕೂದ್ರಾಗ ಅವರಿಗೆ ಊಟದ ಹೊತ್ತಾಗ್ತೈತ್ರಿ ಮಾಸ್ತರ."

ಅತ್ತೆ ಮೊರ ನಿಲ್ಲಿಸಿ ನಕ್ಕುಬಿಟ್ಟರು. "ಅದು ಸರಿಯಾಗೇ ಹೇಳ್ತು. ನಿಂಗಳ ಪೀಠಿಕೆ ಕೇಳ್ತಾ ಕೂತು ಯನ್ನ ಸಾರು ಎಷ್ಟು ಸಲ ಸೀದು ಹೋಯ್ದೇನ."

"ನೀ ಸುಮ್ನಿರೇ. ಸಾರಿಗೂ ಸಂದರ್ಶನಕ್ಕೂ ಎಂತ ಸಂಬಂಧ?" ಎಂದು ಮಾವ ನನ್ನ ಕಡೆ ತಿರುಗಿದರು. "ನೀ ಬಾರೇ ಕೂಸೆ. ತೋರ್ಸು ಇದ್ಕೆ ಹ್ಯಾಂಗೆ ಹೇಳಿ."

ನಾನು ಹೋಗಿ ಸ್ಟೂಲಿನ ಮೇಲೆ ಕೂತು ತೋರಿಸಿದೆ. ತೋರಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಚಿಕ್ಕವಳಿದ್ದಾಗಿನಿಂದ ನಾನು ಮಾವನ ಮನೆಯಲ್ಲೇ ಇದ್ದು ಶಿರಸಿಯಲ್ಲಿ ಓದಿದವಳು. ಅಪ್ಪ ಯಲ್ಲಾಪುರದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಮಾವ ಸುತ್ತಲಿನ ಊರುಗಳಲ್ಲೆಲ್ಲ ತಾಳಮದ್ದಳೆಗೆ ಹೆಸರಾದ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ ಪಂಚೆ ಶಲ್ಯದಲ್ಲಿ ಕೂತ ಇಬ್ಬರು, ಪಾತ್ರಗಳಾಗಿ, ಬರಿಯ ಮಾತಿನಲ್ಲಿ ಹಣಿಯಬೇಕು. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವನು ಏನು ಎಸೆಯುತ್ತಾನೋ ಅದಕ್ಕೆ ಅಲ್ಲೇ, ಆಗಲೇ ಉತ್ತರ ಹುಟ್ಟಬೇಕು. ಸಿದ್ದಾಪುರದ ಕಡೆ ಎಲ್ಲಿ ಕೂಟವಿದ್ದರೂ ಮಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ನನಗೆ ಮಾತು ಬಂದದ್ದು ಅಲ್ಲಿಂದ. ಕನ್ನಡ ಇಷ್ಟು ರುಚಿ ಎಂದು ಗೊತ್ತಾದದ್ದೂ ಅಲ್ಲಿ, ಮುದುಕರ ಬಾಯಿಂದ.

ಹಾಗಾಗಿ ಮಾವನ ಸಂದರ್ಶನದ ನಿಯಮಗಳೂ ಅಲ್ಲಿನವೇ. ಎದುರಿನವನ ಮಾತು ನೆಲಕ್ಕೆ ಬೀಳುವ ಮೊದಲು ಹಿಡಿಯಬೇಕು. ಅವನು ಆಡಿದ ಶಬ್ದದಿಂದಲೇ ಅವನನ್ನು ಕಟ್ಟಬೇಕು. ಅವನು ನಿನಗೆ ದಾರಿ ತೋರಿಸಿದಂತೆ ಮಾಡಿದರೆ ಎಚ್ಚರ, ಅದು ಬಲೆ. ಗೊತ್ತಿಲ್ಲ ಎಂಬ ಮಾತು ಬಾಯಿಂದ ಬರಲೇಬಾರದು. "ಗೊತ್ತಿಲ್ಲೆ ಹೇಳಿದ್ಯಾ, ನೀ ಆಗ್ಲೇ ಸತ್ತೆ" ಎನ್ನುತ್ತಿದ್ದರು. "ಮಾತು ಬಿಟ್ಟು ಕೂತ ಅರ್ಥಧಾರಿನ ಯಾರೂ ಮತ್ತೆ ಕರೀತ್ವಿಲ್ಲೆ."

ನಮ್ಮನ್ನು ಅಷ್ಟರಲ್ಲಾಗಲೇ ಯಾರೂ ಕರೆಯುತ್ತಿರಲಿಲ್ಲ. ನಾವು ಪಾಸಾಗಿ ಹೊರಬರುವ ಹೊತ್ತಿಗೆ ಅಮೆರಿಕದ ಕಂಪ್ಯೂಟರ್ ಪೇಟೆಯಲ್ಲಿ ಏನೋ ಬಿತ್ತು, ಅದರ ಸದ್ದು ಹುಬ್ಬಳ್ಳಿಯ ಹಾಸ್ಟೆಲಿನವರೆಗೂ ಕೇಳಿತು. ಕಾಲೇಜಿಗೆ ಬರುತ್ತೇವೆಂದ ಕಂಪನಿಗಳು ಬರಲಿಲ್ಲ. ನಮಗಿಂತ ಒಂದು ವರ್ಷ ಮುಂದಿದ್ದವರು ಕಂಪನಿಯವರು ಕಾಲೇಜಿಗೇ ಬಂದು ಕೊಟ್ಟ ಸ್ಯಾಂಡ್‌ವಿಚ್ ತಿನ್ನುತ್ತ ಕೆಲಸ ಹಿಡಿದಿದ್ದರು. ನಾವು ಸರ್ಟಿಫಿಕೇಟು ಹಿಡಿದುಕೊಂಡು ಊರಿಗೆ ಬಂದೆವು. ಬಂದವರನ್ನು ಊರು ಕೇಳದೆ ಬಿಡುತ್ತದೆಯೇ? ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಎದುರಿನ ಪಂಕ್ತಿಯಿಂದ ಪ್ರಶ್ನೆ. "ಕಂಪ್ಯೂಟರ್ ಓದಿದ್ದು ಹೇಳಿದ್ರಪ. ಮನೇಲಿ ಕೂತ್ಕಂಡು ಎಂತ ಮಾಡ್ತೇ?" ಬಡಿಸುವವರು ಸಹ ಪಾತ್ರೆ ಹಿಡಿದು ನಿಂತು ಉತ್ತರಕ್ಕೆ ಕಾಯುತ್ತಿದ್ದರು.

ಧೈರ್ಯ ಹೇಳುವವರು ಇನ್ನೂ ಕಷ್ಟ. ಒಬ್ಬರು ಇಂಗ್ಲಿಷಿನ ದೊಡ್ಡ ಪಟ ತಂದುಕೊಟ್ಟರು. ಸೂರ್ಯ ಹುಟ್ಟುತ್ತಿದ್ದಾನೆ, ಒಬ್ಬಾತ ಬೆಟ್ಟದ ತುದಿಯಲ್ಲಿ ಕೈ ಎತ್ತಿ ನಿಂತಿದ್ದಾನೆ, ನೀನೂ ಮಾಡಬಲ್ಲೆ ಎಂದು ಬರೆದಿದೆ. ಏನು ಮಾಡಬಲ್ಲೆ ಎಂದು ಬರೆದಿರಲಿಲ್ಲ. ಗೋಡೆಗೆ ಹಚ್ಚದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಹಚ್ಚಿದೆ. ಬೆಳಗೆದ್ದು ಆ ಕೈ ಎತ್ತಿದವನ ಮುಖ ನೋಡುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಆಗ ಬೇರೆ ಇರಲಿಲ್ಲ. ಅವನಿಗೆ ಕೆಲಸ ಇತ್ತು, ಕೈ ಎತ್ತುವುದು.

ಓದುವುದಂತೂ ಓದುತ್ತಿದ್ದೆವು. ಸೀನಿಯರುಗಳಿಂದ ಬಂದ ಪ್ರಶ್ನೆಗಳ ಝೆರಾಕ್ಸ್ ಕಟ್ಟು, ಝೆರಾಕ್ಸಿನದೇ ಝೆರಾಕ್ಸಾಗಿ ಅರ್ಧ ಅಕ್ಷರ ಮಾಸಿದ್ದು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಕಾಗದದ ಮೇಲೆ ಪ್ರೋಗ್ರಾಂ ಬರೆದು, ಬೆರಳಿಟ್ಟು ಸಾಲು ಸಾಲು ನಾವೇ ಓಡಿಸಬೇಕು. ಬಿಡಕಿಬೈಲಿನ ಸೈಬರ್ ಕೆಫೆಗೆ ಹೋಗುವುದು ಈ-ಮೇಲ್ ನೋಡುವುದಕ್ಕೆ. ಪೆಟ್ಟಿಗೆ ತೆರೆಯುವ ತನಕ ಆಸೆ. ತೆರೆದರೆ, ನಿಮ್ಮ ವಿವರ ನಮ್ಮಲ್ಲಿ ಭದ್ರವಾಗಿದೆ ಎನ್ನುವ ಉತ್ತರ. ಭದ್ರವಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಯಾರೂ ಮುಟ್ಟಿರಲಿಲ್ಲ.

ಎಲ್ಲಕ್ಕಿಂತ ಹೆದರಿಕೆ ಒಂದೇ. ಪೇಪರಿನ ಜಾಹೀರಾತುಗಳಲ್ಲಿ ಕೊನೆಗೊಂದು ಸಾಲು ಇರುತ್ತಿತ್ತು: ಈ ವರ್ಷ ಮತ್ತು ಕಳೆದ ವರ್ಷ ಪಾಸಾದವರು ಮಾತ್ರ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ಹಾಕಿದ ಹಾಗೆ ನಮ್ಮ ಮೇಲೂ ಹಾಕಿದ್ದರು. ನಾವು ಈಗಾಗಲೇ ಕಳೆದ ವರ್ಷದವರು. ಬೇಸಿಗೆ ದಾಟಿ ಹೊಸಬರು ಪಾಸಾಗಿ ಬಂದರೆ ನಾವು ಅದರ ಹಿಂದಿನ ವರ್ಷದವರಾಗುತ್ತೇವೆ, ಆಮೇಲೆ ಯಾರೂ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಕಲಿತದ್ದು ಅಷ್ಟೇ ಇರುತ್ತದೆ, ಬುದ್ಧಿ ಅಷ್ಟೇ ಇರುತ್ತದೆ, ಆದರೂ ಹುಳಿಯಾದಂತೆ.

ಅಂಥ ದಿನಗಳಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ಭಾನುವಾರಗಳು. ಇದನ್ನು ಹೇಳದಿದ್ದರೆ ಮಾವನಿಗೆ ಅನ್ಯಾಯ. ವಾರವಿಡೀ ಸತ್ತಂತೆ ಬಿದ್ದಿದ್ದವಳಿಗೆ ಭಾನುವಾರ ಸ್ಟೂಲಿನ ಮೇಲೆ ಕೂತ ತಕ್ಷಣ ಮೈಯಲ್ಲಿ ರಕ್ತ ಓಡುತ್ತಿತ್ತು. ಮಾವ ಕೆಣಕುತ್ತಿದ್ದರು, ನಾನು ತಿರುಗಿಸುತ್ತಿದ್ದೆ, ಅವರು ಇನ್ನೊಂದು ಎಸೆಯುತ್ತಿದ್ದರು. ಕೊನೆಗೆ ಅವರು ಶಲ್ಯ ಕೊಡವಿ, "ಭಲೇ ಕೂಸೆ, ಎನಗೆ ಮಾತಿಲ್ಲೆ" ಎಂದರೆ ನನಗೆ ಆ ವಾರಕ್ಕೆ ಸಾಕಷ್ಟು ಉಸಿರು ಸಿಕ್ಕಂತೆ. ಬೀದಿಯಲ್ಲಿ ಹೋಗುವವರು ನಿಂತು ಕೇಳಿ ಹೋದದ್ದೂ ಇದೆ.

ಗೆಳತಿ ಮಾತ್ರ ಪ್ರತಿ ವಾರ ಸೋಲುತ್ತಿದ್ದಳು. ಬಿಸಿಲು ಏರಿದ ಮೇಲೆ ಬನವಾಸಿ ರಸ್ತೆಯ ಬಸ್ಸು ಹಿಡಿದು ಊರಿಗೆ ಹೋಗುವಾಗ, "ನಿಮ್ಮ ಮಾವನ ಮುಂದ ನನಗ ನಾಲಗಿನ ಏಳೂದಿಲ್ಲ ನೋಡ" ಎನ್ನುತ್ತಿದ್ದಳು. ಆದರೂ ಮರುವಾರ ಬರುತ್ತಿದ್ದಳು. ಅತ್ತೆಯ ದೋಸೆಗಾಗಿ ಬರುತ್ತೇನೆ ಎಂದು ಅವಳೇ ಹೇಳಿಕೊಂಡಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಒಂದು ಕಂಪನಿಯವರು ಪರೀಕ್ಷೆ ಇಟ್ಟರು. ಕಳೆದ ವರ್ಷದವರೂ ಬರಬಹುದು ಎಂದಿತ್ತು. ನಮ್ಮ ಹೆಸರಿಗೆ ಅದು ಕಡೆಯದು ಎಂದು ಇಬ್ಬರಿಗೂ ಗೊತ್ತಿತ್ತು. ಹೋಗಿ ಬರೆದೆವು. ಇಬ್ಬರೂ ಪಾಸು. ಎರಡು ವಾರ ಬಿಟ್ಟು ಸಂದರ್ಶನಕ್ಕೆ ಕರೆದರು.

ಆ ಎರಡು ವಾರ ಮಾವ ಸಿದ್ದಾಪುರದ ಕೂಟಕ್ಕೂ ಹೋಗಲಿಲ್ಲ. ಬರುವುದಿಲ್ಲ ಎಂದು ಹೇಳಿ ಕಳಿಸಿದರು. ದಿನಾ ಸಂಜೆ ಜಗಲಿಯಲ್ಲಿ ಕುರ್ಚಿ, ಸ್ಟೂಲು. ಹೊರಡುವ ಹಿಂದಿನ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ಹೆದರಡ. ಅಂವ ಎಷ್ಟೇ ದೊಡ್ಡ ಮನ್ಷ ಆದ್ರೂ, ಎದುರು ಕೂತ ಮೇಲೆ ಅಂವನೂ ಒಂದು ಪಾತ್ರ, ನೀನೂ ಒಂದು ಪಾತ್ರ" ಎಂದರು. ಗೆಳತಿಗೆ, "ನೀನು ಬಾಯಿ ಬಿಟ್ಟು ನಾಲ್ಕು ಮಾತಾಡಮ್ಮ ತಾಯಿ" ಎಂದು ಕೈ ಮುಗಿದರು.

ಸಂದರ್ಶನದ ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ವಯಸ್ಸಾದವರು, ಹೆಚ್ಚು ಮಾತಾಡಲಿಲ್ಲ. ಇನ್ನೊಬ್ಬರು ಮೂವತ್ತೈದರ ಆಸುಪಾಸು, ಬಿಳಿ ಅಂಗಿ, ಬೇಜಾರು ಬಂದ ಕಣ್ಣು. ನಿನ್ನ ಬಗ್ಗೆ ಹೇಳು ಎಂದರು. ಇಂಗ್ಲಿಷಿನಲ್ಲೇ ಆದರೂ ಪೀಠಿಕೆ ಹಾಕಿದೆ, ಚೆನ್ನಾಗಿಯೇ ಹಾಕಿದೆ. ವಯಸ್ಸಾದವರು ತಲೆ ಎತ್ತಿ ನೋಡಿದರು. ಮೊದಲ ಪ್ರಶ್ನೆಗಳಿಗೆ ಉತ್ತರ ಸರಾಗವಾಗಿ ಬಂತು.

ಆಮೇಲೆ ಬಿಳಿ ಅಂಗಿಯವರು ಒಂದು ಹಾಳೆಯ ಮೇಲೆ ಸಣ್ಣ ಸಣ್ಣ ಚೌಕ ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದರು. ಸರಪಳಿಯ ಹಾಗೆ ಕೊಂಡಿ ಹಾಕಿಕೊಂಡ ಮಾಹಿತಿ. ಈ ಸರಪಳಿ ಎಲ್ಲೋ ಮುಗಿಯುತ್ತದೆಯೋ, ಅಥವಾ ನಡುವೆ ಹಿಂದಕ್ಕೆ ತಿರುಗಿ ಸುತ್ತಿಕೊಂಡಿದೆಯೋ, ಹೇಗೆ ಕಂಡುಹಿಡಿಯುತ್ತೀಯ ಎಂದರು. ಹೋದ ಹೋದ ಕಡೆ ಗುರುತು ಹಾಕುತ್ತ ಹೋಗುತ್ತೇನೆ, ಗುರುತು ಮತ್ತೆ ಎದುರಾದರೆ ಸುತ್ತು ಇದೆ ಎಂದು ಅರ್ಥ ಎಂದೆ.

"ಸರಿ. ಗುರುತು ಹಾಕಲು ಜಾಗ ಇಲ್ಲ ಅಂದುಕೊ. ಈ ಸರಪಳಿಯ ಮೇಲೆ ಒಬ್ಬರ ಬದಲು ಇಬ್ಬರನ್ನು ಓಡಲು ಬಿಟ್ಟರೆ? ಒಬ್ಬ ನಿಧಾನ, ಒಬ್ಬ ಜೋರು?"

ಅವರು ದಾರಿ ತೋರಿಸುತ್ತಿದ್ದರು. ಈಗ ಗೊತ್ತು. ಆಗ ನನ್ನ ಕಿವಿಗೆ ಅದು ಬಲೆಯಾಗಿ ಕೇಳಿತು. ಒಬ್ಬನಿಂದ ಆಗುವ ಕೆಲಸಕ್ಕೆ ಇಬ್ಬರೇಕೆ ಸರ್, ಜೋರಾಗಿ ಹೋಗುವವನು ಮೊದಲು ಮುಟ್ಟುತ್ತಾನೆ, ನಿಧಾನದವನಿಂದ ನಮಗೆ ಹೊಸದಾಗಿ ಏನು ತಿಳಿಯುತ್ತದೆ ಎಂದೆ.

ಅವರು ತಾಳ್ಮೆಯಿಂದ ಹಾಳೆ ನನ್ನ ಕಡೆ ತಿರುಗಿಸಿದರು. "ಯೋಚನೆ ಮಾಡು. ಅದು ಸುತ್ತು ಆಗಿದ್ದರೆ?"

ನಾನು ಯೋಚನೆ ಮಾಡಲಿಲ್ಲ. ಮಾತು ನೆಲಕ್ಕೆ ಬೀಳುವ ಮೊದಲು ಹಿಡಿದೆ. "ಸುತ್ತು ಆಗಿದೆಯೋ ಇಲ್ಲವೋ ಎಂಬುದೇ ತಾನೆ ಸರ್ ಪ್ರಶ್ನೆ? ಏನನ್ನು ಕಂಡುಹಿಡಿಯಬೇಕೋ ಅದನ್ನೇ ಇದೆ ಎಂದು ಮೊದಲು ಒಪ್ಪಿಕೊಂಡರೆ, ಆಮೇಲೆ ಹುಡುಕುವುದಕ್ಕೆ ಏನು ಉಳಿಯಿತು?"

ವಯಸ್ಸಾದವರು ಗಟ್ಟಿಯಾಗಿ ನಕ್ಕರು. ಬಿಳಿ ಅಂಗಿಯವರು ನಗಲಿಲ್ಲ. ಪೆನ್ನಿಗೆ ಟೋಪಿ ಹಾಕಿ, ಧನ್ಯವಾದ, ಹೊರಗೆ ಕೂತಿರಿ ಎಂದರು. ಅವರಿಗೆ ಮಾತಿಲ್ಲ ಎಂದುಕೊಂಡೆ. ಬಾಗಿಲು ದಾಟುವಾಗ ಕಾಲು ನೆಲದ ಮೇಲಿರಲಿಲ್ಲ.

ವಾಪಸ್ ಯಲ್ಲಾಪುರದ ಮೇಲಿಂದ ಬರುವ ಬಸ್ಸು ಹಿಡಿದೆವು. ಕಿರವತ್ತಿಯಲ್ಲಿ ಢಾಬಾದ ಎದುರು ನಿಲ್ಲಿಸಿದಾಗ ಇಬ್ಬರೂ ಚಹಾಕ್ಕೆ ಇಳಿದೆವು. ಗೆಳತಿಗೂ ಅದೇ ಸರಪಳಿಯ ಪ್ರಶ್ನೆ ಕೇಳಿದ್ದರಂತೆ.

"ನೀ ಏನ್ ಹೇಳಿದಿ?" ಎಂದೆ, ಅವಳದೇ ಧಾಟಿಯಲ್ಲಿ.

"ಗೊತ್ತಿಲ್ರಿ ಸರ ಅಂದೆ."

"ಅಯ್ಯೋ ಮಾರಾಯ್ತಿ!"

"ಮತ್ತ ಗೊತ್ತಿರ್ಲಿಲ್ಲಲ್ಲ. ಇಬ್ಬರನ್ನ ಬಿಟ್ರ ಹೆಂಗ ಅಂತ ಅವ್ರೇ ಕೇಳಿದ್ರು. ನಮ್ಮೂರ ಕೆರಿ ಸುತ್ತ ಓಡ್ತೀವಲ್ಲ, ಹಂಗ ಅಂದ್ಕೊಂಡೆ. ಜೋರ ಓಡಾಂವ ಸುತ್ತಿ ಬಂದು ಹಿಂದಿನಿಂದ ಮೆಲ್ಲಕ ಓಡಾಂವಗ ಸಿಕ್ಕೇ ಸಿಕ್ತಾನ. ಸಿಕ್ಕ ಅಂದ್ರ ಸುತ್ತು ಐತಿ. ಹೌದಲ್ರಿ ಸರ ಅಂದೆ. ಹೌದು ಅಂದ್ರು. ಅವ್ರೇ ಹೇಳಿಕೊಟ್ರು ಅನ್ನು."

ಚಹಾದ ಗ್ಲಾಸು ನನ್ನ ಕೈಯಲ್ಲೇ ಆರಿತು. ಉತ್ತರ ಎಷ್ಟು ಸುಲಭದ್ದು ಎಂದು ಆಗ ಕಂಡಿತು. ಆದರೂ ನನ್ನೊಳಗಿನ ಅರ್ಥಧಾರಿ ಬಗ್ಗಲಿಲ್ಲ. ಉತ್ತರ ಒಂದು ತಪ್ಪಿರಬಹುದು, ಮಾತಿನಲ್ಲಿ ನಾನು ಸೋತಿಲ್ಲ, ಇವಳು ಸೋತು ಬಂದಿದ್ದಾಳೆ ಎಂದು ಮನಸ್ಸು ಹೇಳಿತು. ಅವಳ ಮೇಲೆ ಕನಿಕರವೂ ಬಂತು.

ಮನೆಯಲ್ಲಿ ಮಾವ ಗೇಟಿನ ಹತ್ತಿರವೇ ನಿಂತಿದ್ದರು. ಕಾಲು ತೊಳೆಯುವುದಕ್ಕೂ ಬಿಡಲಿಲ್ಲ. "ಎಂತ ಆತೇ? ಎಂತ ಕೇಳಿದ? ನೀ ಎಂತ ಹೇಳ್ದೆ?" ನಾನು ಹೇಳಿದೆ. ಏನನ್ನು ಕಂಡುಹಿಡಿಯಬೇಕೋ ಅದನ್ನೇ ಒಪ್ಪಿಕೊಂಡರೆ ಎನ್ನುವಲ್ಲಿಗೆ ಬಂದಾಗ ಮಾವ ನಿಂತಲ್ಲೇ ತೊಡೆ ತಟ್ಟಿದರು. "ಅಂವ ಎಂತ ಹೇಳ್ದ?"

"ಎಂತದೂ ಇಲ್ಲೆ. ಪೆನ್ನು ಮುಚ್ಚಿದ."

"ಮುಚ್ಚದೇ ಎಂತ ಮಾಡ್ತಾ!"

ಅತ್ತೆ ಒಳಗಿಂದ ಕೇಳಿದರು, "ಕೆಲಸ ಕೊಡ್ತ್ನಡಾ?"

ಮಾವ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮರುದಿನದಿಂದ ಆ ಸಂದರ್ಶನ ಅವರ ಬಾಯಲ್ಲಿ ಒಂದು ಪ್ರಸಂಗವೇ ಆಯಿತು. ಮಾರ್ಕೆಟ್ಟಿನಲ್ಲಿ, ಕೂಟಕ್ಕೆ ಹೋದಲ್ಲಿ, ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಹೇಳಿದ್ದೇ ಹೇಳಿದ್ದು. ಹೇಳುತ್ತ ಹೇಳುತ್ತ ಅವರ ಕಥೆಯಲ್ಲಿ ಬಿಳಿ ಅಂಗಿಯವರು ಬೆವರಿದರು. ಆಮೇಲೆ ಎದ್ದು ನಿಂತು ನಮಸ್ಕಾರವನ್ನೂ ಮಾಡಿದರು.

ಗೆಳತಿಗೆ ಪತ್ರ ಬಂತು. ನನಗೆ ಬರಲಿಲ್ಲ. ಅಂಚೆ ತಡವಾಗಿರಬೇಕು ಎಂದು ಮಾವ ಕೆಲವು ದಿನ ಪೋಸ್ಟ್ ಆಫೀಸಿನವರೆಗೆ ತಾವೇ ಹೋಗಿ ಬಂದರು. ಅಷ್ಟರಲ್ಲಿ ಹೊಸಬರ ಫಲಿತಾಂಶ ಹೊರಬಿತ್ತು. ಜಾಹೀರಾತಿನ ಕೊನೆಯ ಸಾಲು ಹಾಗೆಯೇ ಇತ್ತು, ಅದರಲ್ಲಿ ನಾನು ಇರಲಿಲ್ಲ.

ಕೆಲಸಕ್ಕೆ ಸೇರಿ ಸ್ವಲ್ಪ ದಿನದ ಮೇಲೆ ಗೆಳತಿ ಫೋನು ಮಾಡಿದಳು. ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ ಕೇಳು ಎಂದು ನಾನೇ ಹೇಳಿದ್ದೆ, ಅವಳು ಆ ಬಿಳಿ ಅಂಗಿಯವರನ್ನು ಕ್ಯಾಂಟೀನಿನಲ್ಲಿ ಕಂಡಾಗ ಕೇಳಿದ್ದಳು. ಹೇಳಲೋ ಬೇಡವೋ ಎಂದು ಸುತ್ತಿ ಬಳಸಿದಳು. ಕೊನೆಗೆ ಹೇಳಿದಳು.

"ನೀ ಅವ್ರಿಗೆ ನೆನಪದಿ. ಭಾಳ ಶಾಣ್ಯಾ ಹುಡುಗಿ ಅಂದ್ರು. ಆದ್ರ ಒಂದು ಟೇಬಲ್‌ಗೆ ಕುಂತು ಆಕಿ ಜೋಡಿ ಕೆಲಸ ಮಾಡೂದು ಹೆಂಗ? ಆಕಿಗೆ ಯಾರೂ ಏನೂ ಹೇಳಾಕ ಬರೂದಿಲ್ಲ ಅಂದ್ರು." ಆಮೇಲೆ ದನಿ ತಗ್ಗಿಸಿದಳು. "ಬ್ಯಾಸರ ಮಾಡ್ಕೊಬ್ಯಾಡ, ಹಾಂ? ಮಾಸ್ತರಿಗೆ ಹೇಳಬ್ಯಾಡ."

ಹೇಳಲಿಲ್ಲ. ಮಾವ ಆ ಕಡೆಯ ಕೋಣೆಯಿಂದ, "ಎಂತಡೇ?" ಎಂದು ಕೇಳಿದರು. ಆರಾಮಿದ್ದಾಳಂತೆ ಎಂದೆ. ನನ್ನನ್ನು ಒಂದು ವರ್ಷ ಬದುಕಿಸಿಟ್ಟದ್ದೇ ನನ್ನನ್ನು ಮುಳುಗಿಸಿದ್ದು ಎಂದು ಯಾರಿಗೆ ಹೇಳಲಿ, ಯಾವ ಬಾಯಲ್ಲಿ ಹೇಳಲಿ? ಬೇರೆ ಯಾರಾದರೂ ಆಗಿದ್ದರೆ ಬೈದು ಹಗುರಾಗುತ್ತಿದ್ದೆ. ಮಾವನನ್ನು ಬೈಯಲು ಬೇಕಾದ ಮಾತನ್ನೂ ನಾನು ಅವರಿಂದಲೇ ಕಲಿತವಳು. ಅವರು ಸುಳ್ಳು ಹೇಳಿಕೊಟ್ಟವರಲ್ಲ. ಅವರ ಲೋಕದಲ್ಲಿ ಅದೇ ನಿಜ. ಅಲ್ಲಿ ಎದುರಿನವನು ನಿನ್ನನ್ನು ಕೆಣಕುವುದೇ ನಿನಗೆ ಕೊಡುವ ಮರ್ಯಾದೆ. ಆ ಲೋಕ ಬಿಟ್ಟರೆ ಬೇರೆ ಯಾವ ಲೋಕವೂ ಅವರಲ್ಲಿರಲಿಲ್ಲ, ಇದ್ದದ್ದನ್ನೆಲ್ಲ ನನಗೆ ಕೊಟ್ಟರು. ಅದಕ್ಕೇ ಕಹಿ ಇನ್ನೂ ಹೋಗಿಲ್ಲ. ದೂರಲು ಜನ ಸಿಗದ ಕಹಿ ಅದು. ಒಂದೊಂದು ಸಲ ಆ ಬಿಳಿ ಅಂಗಿಯವರ ಮೇಲೂ ಸಿಟ್ಟು ಬರುತ್ತದೆ. ಒಂದು ಮಾತು ಗದರಿದ್ದರೆ, ನಾನು ಹೇಳುವುದು ಕೇಳು ಹುಡುಗಿ ಎಂದಿದ್ದರೆ, ಬಾಯಿ ಮುಚ್ಚುತ್ತಿದ್ದೆನೋ ಏನೋ. ಅವರು ಪೆನ್ನು ಮುಚ್ಚಿದರು.

ಮಳೆಗಾಲ ಮುಗಿಯುವ ಮೊದಲು ನಾನು ಯಲ್ಲಾಪುರಕ್ಕೆ, ಅಪ್ಪನ ಮನೆಗೆ ಹೋದೆ. ಅಲ್ಲೊಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಪ್ರಾಂಶುಪಾಲರು ತಮ್ಮ ಕೋಣೆಯಲ್ಲಿ ಕೂರಿಸಿ ಸರ್ಟಿಫಿಕೇಟುಗಳನ್ನು ತಿರುವಿ ಹಾಕಿದರು. "ಸಿ ಅನ್ನೋದೂ ಸಿ ಪ್ಲಸ್ ಪ್ಲಸ್ ಅನ್ನೋದೂ ಎಲ್ಲ ಒಂದೇ ಅಲ್ಲವಾ? ಹಳೇ ಪುಸ್ತಕ, ಹೊಸ ಪುಸ್ತಕ, ಅಷ್ಟೇ ವ್ಯತ್ಯಾಸ. ಎರಡೂ ಒಂದೇ ಟರ್ಮಿನಲ್ಲಿ ಮುಗಿಸಿಬಿಡಿ" ಎಂದರು.

ಅವೆರಡು ಬೇರೆ ಬೇರೆ ಪ್ರೋಗ್ರಾಂ ಭಾಷೆ, ಅವರ ಶಬ್ದದಿಂದಲೇ ಅವರನ್ನು ಕಟ್ಟಬಹುದಿತ್ತು. "ಹೌದು ಸರ್" ಎಂದೆ.

ಸೋಮವಾರದಿಂದ ಬನ್ನಿ ಎಂದರು. ಸೋಮವಾರ ಹೋದೆ.